ಕೊಟ್ರ ಬಚ್ಚಿಡೋದು ಕಲಿತಿದ್ದು

ಹತ್ತಿರ ಸರಿದು ಕೂತ್ಕೊಳ್ಳಿ, ಹೇಳ್ತೀನಿ. ಬಸ್ ಸ್ಟ್ಯಾಂಡಿನ ಹಿಂದಿನ ಓಣೀಲಿ ಹಾಲಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಕೊಟ್ರೇಶಿ. ಎಲ್ಲರ ಬಾಯಲ್ಲೂ ಬರೀ ಕೊಟ್ರ. ವಯಸ್ಸು ಇಪ್ಪತ್ತೇಳು, ಮೈಕಟ್ಟು ಎತ್ತಿನ ಹಾಗೆ, ಹೇಳಿದ ಮಾತಲ್ಲಿ ಒಂದಕ್ಷರ ಮೀರುವವನಲ್ಲ. ಅದೇ ಹಾಲಮ್ಮನ ಕರ್ಮ! "ಅನ್ನದ ಮೇಲೆ ಒಂದು ಕಣ್ಣಿಟ್ಟಿರೋ" ಅಂತ ಹೇಳಿ ನೀರು ತರೋಕೆ ಹೋದಳು. ಮಗರಾಯ ಇನ್ನೊಂದು ಕಣ್ಣನ್ನ ಅಂಗೈಯಲ್ಲಿ ಮುಚ್ಚಿಕೊಂಡು, ಅನ್ನ ಸೀದು ಕರಿಕಾಗೋವರೆಗೂ ಒಂದೇ ಕಣ್ಣಲ್ಲಿ ನೋಡ್ತಾ ನಿಂತಿದ್ದ.

ಇಂಥವನಿಗೆ ಹೆಣ್ಣು ಕೊಡೋರು ಯಾರು? ಮೂರು ಸಂಬಂಧ ಬಂದ ದಾರೀಲೇ ವಾಪಸ್ ಹೋದವು. ನಾಲ್ಕನೆಯದು ಚನ್ನವೀರಪ್ಪನವರ ಮಗಳು ವಿಶಾಲಾಕ್ಷಿ. "ತಿಂಗಳ ಕೊನೆಗೆ ಬಂದು ಹೆಣ್ಣು ನೋಡಿ" ಅಂತ ಹೇಳಿಕಳಿಸಿದ್ದರು. ಅಷ್ಟರೊಳಗೆ ನಾಲ್ಕು ಜನರ ಮಧ್ಯೆ ಕೂತು ಮಾತಾಡೋದಾದರೂ ಬರಲಿ ಅಂತ ಹಾಲಮ್ಮ ಎದುರುಮನೆ ಟೈಲರ್ ರುದ್ರೇಶಿಗೆ ದುಂಬಾಲು ಬಿದ್ದಳು.

ರುದ್ರೇಶಿ ಪ್ರತಿ ಭಾನುವಾರ ಮಧ್ಯಾಹ್ನ ಅಂಗಡೀಲಿ ಕತೆಯಾಟ ಆಡಿಸುತ್ತಿದ್ದ. ಅವನು ಕತೆ ಹೇಳೋದು, ಕೂತವರು ಆ ಕತೆಯೊಳಗಿನ ಒಬ್ಬೊಬ್ಬರಾಗೋದು. ನಾನು ಹೀಗೆ ಮಾಡ್ತೀನಿ ಅಂತ ಹೇಳಿ ದಾಳ ಹಾಕಿದರೆ, ಅದು ಆಯ್ತೋ ಇಲ್ಲವೋ ಅಂತ ದಾಳವೇ ತೀರ್ಮಾನ ಮಾಡುತ್ತೆ. ರುದ್ರೇಶಿಯ ತಂಗಿ ಸುಮಂಗಲ ರಾಜಕುಮಾರಿ ಆದಳು, ಕೊಟ್ರ ಕಳ್ಳ ಆದ. ಇಬ್ಬರೂ ಅರಮನೆಯಿಂದ ತಪ್ಪಿಸಿಕೊಂಡು ಹೋಗಬೇಕು.

"ಕಾವಲುಗಾರ ಬಂದ! ಕೊಟ್ರಾ, ಬಚ್ಚಿಟ್ಕೋ!" ಅಂದ ರುದ್ರೇಶಿ.

ಅಷ್ಟಂದಿದ್ದೇ ತಡ, ಕೊಟ್ರ ಎದ್ದ, ಹಿತ್ತಲಿಗೆ ಓಡಿದ, ಮಾಯವಾದ! ಕರೆದರೆ ಓಗೊಡಲಿಲ್ಲ. ಆಟ ನಿಂತಿತು. ಓಣಿಯೆಲ್ಲ ಹುಡುಕಿದರು. ಹಾಲಮ್ಮ ಎದೆ ಹೊಡ್ಕೊಂಡು ಬಾವಿ ಇಣುಕಿ ನೋಡಿ ಬಂದಳು. ಹೊತ್ತು ಮುಳುಗೋ ಹೊತ್ತಿಗೆ ಚೂರುಬಟ್ಟೆ ತುಂಬಿದ ಮೂಟೆಯೊಂದು "ಆಕ್ಷೀ!" ಅಂತು.

"ಈಚೆಗೆ ಬಾರೋ ಮಾರಾಯ!" ಅಂತ ರುದ್ರೇಶಿ ಅವನನ್ನ ಎಳೆದು ಹಾಕಿದ. "ನಿಜವಾಗ್ಲೂ ಹೋಗಿ ಬಚ್ಚಿಟ್ಕೊಳ್ಳೋದಾ? ಬಾಯಲ್ಲಿ 'ಬಚ್ಚಿಟ್ಟೆ' ಅನ್ನು, ದಾಳ ಹಾಕು. ದೊಡ್ಡ ಅಂಕಿ ಬಿತ್ತೋ, ಯಾರಿಗೂ ಕಾಣಲ್ಲ. ಅಷ್ಟೇ! ತಿಳೀತಾ?"

"ತಿಳೀತಣ್ಣ!"

ಅಭ್ಯಾಸ ಮಾಡ್ಕೊಳ್ಳಲಿ ಅಂತ ದಾಳವನ್ನೂ ಕೊಟ್ಟು ಕಳಿಸಿದ.

ಬುಧವಾರ ಹಾಲಮ್ಮ ಮಾಳಿಗೆ ಮೇಲೆ ಹಪ್ಪಳ ಒಣಹಾಕಿ ಮಗನನ್ನ ಕಾವಲಿಗೆ ಕೂರಿಸಿದಳು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆ ಮೇಲೆ ಧಡಧಡ ಸದ್ದಾಯಿತು.

"ಮಂಗ ಬಂದವು ಕೊಟ್ರಾ! ಹಪ್ಪಳ ಬಚ್ಚಿಡೋ!" ಅಂತ ಕೆಳಗಿಂದ ಕೂಗಿದಳು.

"ಬಚ್ಚಿಟ್ಟೆ!" ಅಂದ ಕೊಟ್ರ. ದಾಳ ಹಾಕಿದ. "ಆರು ಬಿತ್ತವ್ವಾ, ಆರು!"

"ಆರು ಮಂಗಾನಾ?"

"ದಾಳ ಅವ್ವಾ! ಇನ್ನು ಯಾವ ಮಂಗಕ್ಕೂ ಕಾಣಲ್ಲ!"

ಹಾಲಮ್ಮ ಏದುಸಿರು ಬಿಡ್ತಾ ಮೇಲೆ ಹತ್ತಿದಳು. ಹಪ್ಪಳ ಒಂದೂ ಇಲ್ಲ. ಒಂದು ಮಂಗ ಕೊಟ್ರನ ಮಗ್ಗುಲಲ್ಲೇ ಕೂತು ಕಟಂಕಟಂ ಅಂತ ಕೊನೇದನ್ನ ಕಡೀತಿತ್ತು.

"ನಿನ್ನ ಬುದ್ಧಿಗೆ ಬೆಂಕಿ ಬೀಳ! ಬಾಯಲ್ಲಿ ಹೇಳಿಬಿಟ್ರೆ ಮುಗೀತೇನೋ? ಬಚ್ಚಿಡೋದು ಅಂದ್ರೆ, ಕೈಗೆ ಸಿಕ್ಕಿದ ಬಟ್ಟೆ ತಗೊಂಡು ಮೇಲಿಂದ ಕೆಳಗಿನವರೆಗೆ ಮುಚ್ಚಬೇಕು! ತಿಳೀತಾ?"

"ತಿಳೀತವ್ವ!"

ಮತ್ತೆ ಭಾನುವಾರ ಬಂತು. ಕತೆಯಲ್ಲಿ ಕಾವಲುಗಾರ ದೀಪ ಹಿಡಿದು ಬರ್ತಿದಾನೆ. ಸುಮಂಗಲ ಕೈಯಲ್ಲಿ ಚಹಾ ಹಿಡಿದು ಕೂತಿದ್ದಳು. "ನಾನು ಕಂಬದ ಹಿಂದೆ ಬಚ್ಚಿಟ್ಕೊಂಡೆ" ಅಂದಳು, ದಾಳ ಹಾಕಿದಳು. ಬಿದ್ದದ್ದು ಬರೀ ಒಂದು.

"ಅಯ್ಯೋ, ಅವನಿಗೆ ಕಂಡುಬಿಡ್ತಾಳೆ!" ಅಂದ ಕೊಟ್ರ. ಅತ್ತಿತ್ತ ನೋಡಿದ. ಯಾರದೋ ಮದುವೆ ರೇಷ್ಮೆ ಸೀರೆ, ಫಾಲ್ ಹಚ್ಚಿ ಮಡಚಿಟ್ಟಿದ್ದರು. ಅದನ್ನೇ ಕೊಡವಿ ಸುಮಂಗಲನ ಮೇಲೆ ಹೊದಿಸಿ, ಬಿಗಿಯಾಗಿ ಅಪ್ಪಿ ಹಿಡ್ಕೊಂಡ!

"ಅಣ್ಣಾ! ಬಿಡಿಸೋ! ಚಹಾ ಚೆಲ್ಲಿತು!" ಅಂತ ಸೀರೆಯೊಳಗಿಂದ ಅವಳ ಕೂಗಾಟ. ರುದ್ರೇಶಿ ಬಿಡಿಸುವಷ್ಟರಲ್ಲಿ ಸೀರೆ ತುಂಬಾ ಚಹಾದ ಕಲೆ.

ರುದ್ರೇಶಿ ತಲೆ ಮೇಲೆ ಕೈ ಹೊತ್ತು ಕೂತ. "ಏಳೋ ಪುಣ್ಯಾತ್ಮ! ಇನ್ಮೇಲೆ ಆಟಕ್ಕೆ ಬರಬೇಡ. ಇದೊಂದನ್ನ ಕಲಿತು ಹೋಗು. ಬಚ್ಚಿಟ್ಕೊಂಡವರ ತಂಟೆಗೇ ಹೋಗಬಾರದು! ಕಣ್ಣೆದುರಿಗೇ ಕೂತಿದ್ದರೂ ಕಾಣದ ಹಾಗೆ ಇರಬೇಕು. ಮಾತಾಡಿದರೆ, ಗಾಳಿ ಸದ್ದು ಅಂದ್ಕೋಬೇಕು. ತಿಳೀತಾ?"

"ತಿಳೀತಣ್ಣ!"

ಸೋಮವಾರವೇ ಹೆಣ್ಣು ನೋಡೋದಿತ್ತು. ಹಾಲಮ್ಮ ಮಗನ ತಲೆ ಬಾಚಿದಳು, ಇಸ್ತ್ರಿ ಅಂಗಿ ತೊಡಿಸಿದಳು. "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ನನ್ನಪ್ಪಾ" ಅಂತ ದಾರಿಯುದ್ದಕ್ಕೂ ಬೇಡಿಕೊಂಡಳು. ಚನ್ನವೀರಪ್ಪನವರದು ಹೊಸಾ ಆರ್‌ಸಿಸಿ ಮನೆ, ಗೃಹಪ್ರವೇಶವಾಗಿ ತಿಂಗಳಾಗಿಲ್ಲ. ಎಲ್ಲ ಸರಿಯಾಗೇ ಹೋಗ್ತಿತ್ತು. ಒಳಬಾಗಿಲ ಪರದೆ ಕೆಳಗೆ ಗೆಜ್ಜೆಕಾಲು ಎರಡು ಕಂಡವು.

"ಅವ್ವಾ, ಅದ್ಯಾರು?"

"ಹುಡುಗಿ ಕಣೋ" ಅಂತ ಹಾಲಮ್ಮ ಪಿಸುಗುಟ್ಟಿದಳು. "ನಾಚ್ಕೊಂಡು ಬಚ್ಚಿಟ್ಕೊಂಡಿದಾಳೆ."

"ಓಹೋ!" ಕೊಟ್ರ ನೆಟ್ಟಗೆ ಕೂತ.

ವಿಶಾಲಾಕ್ಷಿ ತಟ್ಟೆ ತುಂಬ ಕಾಫಿ ಲೋಟ ಇಟ್ಟುಕೊಂಡು ಬಂದು ಅವನೆದುರು ನಿಂತಳು. ಕೊಟ್ರ ಗೋಡೆ ನೋಡಿದ. ಅವಳು ಇತ್ತ ಸರಿದಳು, ಅವನು ಅತ್ತ ನೋಡಿದ. ಹಾಲಮ್ಮ ತೊಡೆ ಚಿವುಟಿದಳು. ಜಗ್ಗಲಿಲ್ಲ!

"ಹುಡುಗಿ ಒಪ್ಪಿಗೆಯೇನಪ್ಪಾ?" ಅಂದರು ಚನ್ನವೀರಪ್ಪ.

"ಯಾವ ಹುಡುಗಿ?"

"ಎದುರಿಗೇ ನಿಂತಿದಾಳಲ್ಲಪ್ಪಾ!"

"ನನಗೇನೂ ಕಾಣ್ತಾ ಇಲ್ಲ ಯಜಮಾನ್ರೇ."

ವಿಶಾಲಾಕ್ಷಿಯ ಮುಖ ಕೆಂಪಾಯಿತು. "ಏನ್ರೀ, ನಾನು ಕಣ್ಣಿಗೆ ಕಾಣದಷ್ಟು ಕಡೆಯಾದ್ನಾ?"

"ಗಾಳಿ ಜೋರೈತೆ ಅವ್ವಾ" ಅಂದ ಕೊಟ್ರ.

ಹಾಲಮ್ಮನಿಗೆ ಭೂಮಿಯೊಳಗೆ ಇಳಿದುಹೋಗೋಣ ಅನ್ನಿಸಿತು. "ತಾಯೀ, ಅವನು ಹಂಗಲ್ಲ, ಅದು..." ಅನ್ನುವಷ್ಟರಲ್ಲಿ ಹುಡುಗಿ ಒಂದು ಲೋಟ ಎತ್ತಿಕೊಂಡಳು. ಕೊಟ್ರನ ನೆತ್ತಿ ಮೇಲೆ ಹಿಡಿದು ಬಗ್ಗಿಸಿಯೇ ಬಿಟ್ಟಳು! ಕಾಫಿ ಹಣೆ ಮೇಲೆ, ಮೂಗಿನ ಮೇಲೆ, ಇಸ್ತ್ರಿ ಅಂಗಿ ಮೇಲೆ ತೊಟ್ಟಿಕ್ಕಿತು.

ಕೊಟ್ರ ಅವಳ ಕಡೆ ಅಪ್ಪಿತಪ್ಪಿಯೂ ನೋಡಲಿಲ್ಲ. ನಿಧಾನಕ್ಕೆ ತಲೆಯೆತ್ತಿ ಹೊಸ ತಾರಸಿ ನೋಡಿದ, ಕೆನ್ನೆ ಒರೆಸಿಕೊಂಡ, ಅವ್ವನ ಕಡೆ ವಾಲಿ ಇಡೀ ಮನೆಗೆ ಕೇಳುವ ಹಾಗೆ ಹೇಳಿದ:

"ಏಳವ್ವಾ, ಹೋಗೋಣ. ಈ ಸಂಬಂಧ ಬೇಡ. ಮನೆ ಸೋರ್ತೈತೆ!"