ಅಮ್ಮಣ್ಣಿಯ ಕುಸಿದ ಚಪ್ಪಡಿ

ಹತ್ತಿರ ಬನ್ನಿ, ಕದ ಸ್ವಲ್ಪ ಮುಂದೆ ಮಾಡಿ. ದಳವಾಯಿ ಮನೆಯ ಸುದ್ದಿ ಇದು, ಬಾವಿಕಟ್ಟೆಗೆ ಹೋಗಕೂಡದು. ಹೋಯಿತೋ, ಯಾರು ಹೇಳಿದ್ದು ಅಂತ ಕೇಳಿದರೆ ಸುಮ್ಮನೆ ಕೆಮ್ಮಿಬಿಡಿ.

ದಳವಾಯಿಯ ಹೆಂಡತಿ ಪುಟ್ಟರಂಗಮ್ಮಣ್ಣಿ ಹಿತ್ತಿಲಿಗೆಲ್ಲ ಚಪ್ಪಡಿ ಕಲ್ಲು ಹಾಸಿಸಿದ್ದಳು. "ಇದರ ಮುಂದೆ ಅರಮನೆ ಅಂಗಳವೂ ಎಮ್ಮೆ ಕೊಟ್ಟಿಗೆ" ಅಂತ ಜಂಭ ಬೇರೆ. ಅದನ್ನು ತೋರಿಸಲಿಕ್ಕೇ ರಾಣಿಯವರನ್ನು ಅರಿಸಿನ ಕುಂಕುಮಕ್ಕೆ ಕರೆದು, ಬೇಲಿ ಪಕ್ಕದ ನೆರಳಲ್ಲಿ ಕೂರಿಸಿದಳು. ರಾಣಿಯವರು ಸ್ವಲ್ಪ ಮೈತುಂಬಿಕೊಂಡವರು, ಅಷ್ಟೇ ಹೇಳೋಣ. ಕೂತದ್ದೇ ತಡ, ಚಪ್ಪಡಿ ವಾಲಿತು, ಬಾಗಿನದ ಮೊರದ ಸಮೇತ ಮುಳ್ಳುಬೇಲಿಗೆ ಒರಗಿಬಿಟ್ಟರು!

ಮರುದಿನವೇ ಅಮ್ಮಣ್ಣಿ ದೊರೆಯ ಮುಂದೆ ಮೂಗು ಒರೆಸಿಕೊಂಡು ನಿಂತಳು.

"ಬುದ್ಧೀ, ಎಲ್ಲಾ ಆಚೆ ಮನೆ ದೇವೀರಿಯ ಕೆಲಸ. ಅವಳ ಎಮ್ಮೆ ತುಳಿದು ತುಳಿದು ನನ್ನ ಕಲ್ಲು ಜಾರುತ್ತಿವೆ. ಅವಳ ಕೊಟ್ಟಿಗೆ ಕೀಳಿಸಿ, ಅಲ್ಲಿ ನನ್ನ ಕಲ್ಲಿಗೆ ಒತ್ತಾಗಿ ಒಂದು ಗೋಡೆ ಕಟ್ಟಿಸಿಕೊಡಿ. ಇನ್ನು ಒಂದು ಕಲ್ಲೂ ಕೂದಲೆಳೆಯಷ್ಟು ಅಲುಗಬಾರದು!"

"ಕೊಟ್ಟಿಗೆ ಕಿತ್ತರೆ ಎಮ್ಮೆ ಎಲ್ಲಿ ಕಟ್ಟಲಿ ಬುದ್ಧೀ, ತಲೆ ಮೇಲಾ?" ಅಂದಳು ದೊರೆ ಕರೆಸಿದ ದೇವೀರಿ. ಹಾಲು ಮಾರಿಯೇ ಅವಳ ಹೊಟ್ಟೆ ತುಂಬಬೇಕು.

ನಿಜ ಏನು ಗೊತ್ತಾ? ಚಪ್ಪಡಿ ಹಾಸಿಸುವ ಮುಂಚೆ, ದೇವೀರಿ ಮಗಳ ಬಾಣಂತನಕ್ಕೆ ಹೋಗಿ ಬರುವಷ್ಟರಲ್ಲಿ ಆ ಬೇಲಿ ಎದ್ದು ಅವಳ ಹಿತ್ತಿಲೊಳಕ್ಕೆ ನಡೆದು ಹೋಗಿತ್ತು. ಊರಿಗೆಲ್ಲ ಗೊತ್ತು. ದಳವಾಯಿಯ ಕತ್ತಿ ನೋಡಿ ಊರು ಬಾಯಿ ಮುಚ್ಚಿತ್ತು. ಆಸ್ಥಾನದ ವಿದೂಷಕ ಚೆಲುವಯ್ಯನೂ ಬೇಲಿಯ ಮಾತು ಎತ್ತಲಿಲ್ಲ. "ನಾನು ನೋಡಿ ಬರ್ತೀನಿ" ಅಂತ ಕೋಲು ಹಿಡಿದು ಹೊರಟ.

ಹಿತ್ತಿಲ ನಡುವಿನ ಕಲ್ಲು ಕುಟ್ಟಿದ: ಟಣ್. ಬೇಲಿ ಅಂಚಿನ ಕಲ್ಲು ಕುಟ್ಟಿದ: ದೊಪ್.

"ಅಮ್ಮಣ್ಣಿಯವರೇ, ಅಂಚುಗಲ್ಲು ನಿಲ್ಲಲಿಕ್ಕೆ ಗಟ್ಟಿ ನೆಲ ಬೇಕು. ಇಲ್ಲಿ ಕೆಳಗೆ ಏನೋ ಹೂತಿದೆ" ಅಂದವನು ದನಿ ತಗ್ಗಿಸಿದ. "ಜಾಗ ನಿಮ್ಮದೇ ತಾನೆ?"

"ನಮ್ಮ ಮಾವನವರ ಮುತ್ತಾತನ ಕಾಲದ್ದು!"

"ಹಾಗಾದರೆ ಕೆಳಗಿರೋದೂ ನಿಮ್ಮ ಮನೆತನದ್ದೇ?"

ಅಮ್ಮಣ್ಣಿಯ ಕಣ್ಣ ಮುಂದೆ ಚಿನ್ನದ ಕೊಪ್ಪರಿಗೆ ಕುಣಿಯಿತು. "ಎಲ್ಲಾ ನಮ್ಮದೇ! ದೊರೆಗಳು, ರಾಣಿಯವರು ಬರಲಿ, ಅವರ ಎದುರಿಗೇ ಅಗೆಸು. ಆಮೇಲೆ ಯಾರೂ ಪಾಲು ಕೇಳಬಾರದು."

ಎಲ್ಲರೂ ಬಂದರು. ಚಪ್ಪಡಿ ಎಬ್ಬಿಸಿದರು, ಮೇಲುಮಣ್ಣು ಸರಿಸಿದರು. ಗಪ್ಪನೆ ವಾಸನೆ ಎದ್ದಿತು. ಕೊಳೆತ ಸಗಣಿ, ಗಂಜಲ, ಹಳೇ ಹುಲ್ಲು! ಚಪ್ಪಡಿ ಹಾಸಿದ ಆಳುಗಳು ತಿಪ್ಪೆಗುಂಡಿಗೆ ನಾಲ್ಕು ಬುಟ್ಟಿ ಮಣ್ಣೆಳೆದು ಕಲ್ಲು ಮುಚ್ಚಿದ್ದರು. ಅಮ್ಮಣ್ಣಿ ಬಗ್ಗಿ ನೋಡಿದ್ದರೆ ತಾನೆ?

ರಾಣಿಯವರು ಮೂಗಿಗೆ ಸೆರಗು ಒತ್ತಿದರು. "ಏನಮ್ಮಾ, ನಿಮ್ಮ ಮನೆ ತಿಪ್ಪೆ ಮೇಲೆ ಕೂರಿಸಿ ನನಗೆ ಕುಂಕುಮ ಕೊಟ್ಟೆಯಾ?"

"ಅಯ್ಯೋ, ನಮ್ಮದಲ್ಲ ತಾಯೀ! ನಮ್ಮಲ್ಲಿ ಎಮ್ಮೆಯೇ ಇಲ್ಲ. ಇದು ದೇವೀರಿಯ ತಿಪ್ಪೆ, ಮೊದಲಿಂದಲೂ ಅವಳದ್ದೇ!"

ಚೆಲುವಯ್ಯ ಕೈಮುಗಿದ. "ಬುದ್ಧೀ, ಬೇಲಿ ಎಲ್ಲಿರಬೇಕು ಅಂತ ಅಮ್ಮಣ್ಣಿಯವರೇ ತೋರಿಸಿಕೊಟ್ಟರು."

ದೊರೆ ಹೊಟ್ಟೆ ಹಿಡಿದು ನಕ್ಕ. ಬೇಲಿ ಹಿಂದಕ್ಕೆ ಹೋಯಿತು. ದೇವೀರಿಯ ಜಾಗದಲ್ಲಿದ್ದ ಚಪ್ಪಡಿಗಳನ್ನು ಅವಳ ಕೊಟ್ಟಿಗೆಗೇ ಹಾಸಿಸಿಕೊಟ್ಟ. ಈಗ ಎಮ್ಮೆ ಅದರ ಮೇಲೆ ನಿಂತು ಮೆಲುಕು ಹಾಕುತ್ತದೆ.

ಅಮ್ಮಣ್ಣಿ ತಲೆ ತಗ್ಗಿಸಿ ಒಳಗೆ ನುಸುಳುತ್ತಿದ್ದಾಗ ದೇವೀರಿ ಬೇಲಿಗೆ ಬಂದು, ಮುಖಕ್ಕೆ ಮುಖ ಕೊಟ್ಟೇ ಅಂದಳು:

"ಅಮ್ಮಣ್ಣಿಯವರೇ, ಇನ್ನೊಂದು ಸಲ ಜಾಗ ಕದಿಯೋವಾಗ ನನ್ನನ್ನೇ ಒಂದು ಮಾತು ಕೇಳಿ. ಗಟ್ಟಿ ನೆಲ ಎಲ್ಲಿದೆ ಅಂತ ತೋರಿಸ್ತೀನಿ."