ಉಂಡೆಯಾ ಅಂತ ಕೇಳಿದವಳು

ಒಂದಾನೊಂದು ಕಾಲದಲ್ಲಿ, ಐದು ಹೊಳೆ ಹರಿಯೋ ಪಂಜಾಬ್ ಸೀಮೆಯಲ್ಲಿ ಬಿಶನ್ ಕೌರ್ ಅಂತ ಒಬ್ಬಳಿದ್ದಳಂತೆ. ಇದು ನನ್ನ ಕತೆಯಲ್ಲ ಪುಟ್ಟಾ, ಹೆದ್ದಾರಿಯಲ್ಲಿ ಡಾಬಾ ಇಟ್ಟಿದ್ದ ಸರದಾರ್ಜಿ ಹೆಂಡತಿ ಸುರ್ಜೀತ್ ಹೇಳಿದ್ದು, ಕಾಲು ಒದರಬೇಡ, ಕೇಳು. ಬಿಶನ್ ಕೌರಳಿಗೆ ಒಬ್ಬನೇ ಮಗ, ನಿಹಾಲ ಸಿಂಗ. ಅವನು ಉಣ್ಣದೆ ಅವಳು ತುತ್ತು ಎತ್ತುತ್ತಿರಲಿಲ್ಲವಂತೆ. ಅವನೋ, ತಾಯಿ ಉಂಡಳೋ ಬಿಟ್ಟಳೋ ಅಂತ ಒಂದು ದಿನಾನೂ ಕೇಳಿದವನಲ್ಲ.

ಆಮೇಲೆ ಅವಳಿಗೆ ಸಾಯೋ ಕಾಲ ಬಂತಂತೆ. ಅವರ ನಂಬಿಕೆ ಹೇಗೆ ಅಂದರೆ, ಎಂಬತ್ನಾಲ್ಕು ಲಕ್ಷ ಜನ್ಮ ಸುತ್ತಿ ಸುತ್ತಿ ಮನುಷ್ಯ ಜನ್ಮ ಸಿಗೋದು, ಬದುಕೆಲ್ಲಾ ಯಾವುದನ್ನು ಹಿಡಿದಿದ್ದೆವೋ ಕೊನೇ ಉಸಿರಲ್ಲಿ ಅದೇ ಬಾಯಿಗೆ ಬರೋದು, ದೇವರ ಹೆಸರು ಬಂದರೆ ಜೀವಕ್ಕೆ ಬಿಡುಗಡೆ, ಬೇರೇನಾದರೂ ಬಂದರೆ ಅದರ ಬಾಗಿಲಿಗೇ ಮತ್ತೆ ಹುಟ್ಟೋದು. ವಾಹೆಗುರು ಅನ್ನು ತಾಯಿ ಅಂತ ಎಲ್ಲರೂ ಕಿವಿಯಲ್ಲಿ ಹೇಳಿದರೆ, ಅವಳು ಬಾಗಿಲ ಕಡೆ ನೋಡಿ, ನಿಹಾಲ ಉಂಡನಾ ಅಂದಳಂತೆ, ಅಷ್ಟೇ, ಹೋದಳಂತೆ.

ಹೋದವಳು ಎಲ್ಲಿಗೆ ಹೋದಾಳು, ಅವನ ಕೊಟ್ಟಿಗೆಯಲ್ಲೇ ಎಮ್ಮೆಯಾಗಿ ಹುಟ್ಟಿದಳಂತೆ. ಬಿಂದಿಗೆಗಟ್ಟಲೆ ಹಾಲು ಕೊಟ್ಟಳು, ಅವನು ಕುಡಿದು ಮೀಸೆ ಒರೆಸಿಕೊಂಡ, ಹಾಲು ಬತ್ತಿದ ವರ್ಷ ಹಗ್ಗ ಬಿಚ್ಚಿ ಕಟುಕನ ಕೈಗೆ ಕೊಟ್ಟನಂತೆ. ಕತ್ತಿ ಕೆಳಗೂ ಅವಳಿಗೆ, ಇನ್ನು ಇವನಿಗೆ ಹಾಲು ಯಾರು ಕೊಡ್ತಾರೆ ಅನ್ನೋದೇ ಚಿಂತೆ. ಆಮೇಲೆ ಅವನ ಬಾಗಿಲಲ್ಲೇ ನಾಯಿಯಾಗಿ ಹುಟ್ಟಿ, ಅವನ ಹೊಲ ಕಾದು, ಮುದಿಯಾಗಿ, ಒಂದು ದಿನ ಹಸಿವು ತಡೆಯದೆ ಅವನ ರೊಟ್ಟಿಗೆ ಬಾಯಿ ಹಾಕಿದಳಂತೆ, ಅವನು ದೊಣ್ಣೆ ತಗೊಂಡು ಬಾರಿಸಿದನಂತೆ. ಸಾಯ್ತಾ ಏನಂದುಕೊಂಡಳು ಗೊತ್ತಾ? ಅಯ್ಯೋ, ರೊಟ್ಟಿ ಎಂಜಲಾಯ್ತಲ್ಲ, ಇವತ್ತು ಅವನು ಏನು ತಿಂತಾನೆ ಅಂತ.

ಮೂರನೇ ಸಲ ದೇವರೇ ಕಣ್ಣು ಬಿಟ್ಟು ಮನುಷ್ಯ ಜನ್ಮ ಕೊಟ್ಟನಂತೆ. ಹುಟ್ಟಿಸೋದು ಕರ್ಮ, ಬಿಡಿಸೋದು ಅವನ ಕರುಣೆ ಅಂತಾರೆ ಅವರು. ಹುಟ್ಟಿದ್ದು ಮಾತ್ರ ಅದೇ ನಿಹಾಲನ ಮಗಳಾಗಿ, ಅತರ್ ಕೌರ್ ಅಂತ. ಹೆಣ್ಣು ಅಂತ ಗೊತ್ತಾಗಿ ಅವನು ತೊಟ್ಟಿಲ ಕಡೆ ತಿರುಗಿಯೂ ನೋಡಲಿಲ್ಲವಂತೆ, ಹೆತ್ತವಳೂ ಬೇಗ ಹೋದಳಂತೆ. ಹಿಂದಿನದು ಯಾರಿಗೆ ನೆನಪಿರುತ್ತೆ, ಅವಳಿಗೂ ಇರಲಿಲ್ಲ. ಉಂಡೆಯಾ ಅಂತ ಮನೆಯಲ್ಲಿ ಕೇಳೋರಿಲ್ಲದ ಹುಡುಗಿ ಗುರುದ್ವಾರಕ್ಕೆ ಹೋಗೋಳಂತೆ. ಅಲ್ಲಿ ಬಡವ ಬಲ್ಲಿದ ಎಲ್ಲರನ್ನೂ ಒಂದೇ ಸಾಲಲ್ಲಿ ಕೂರಿಸಿ ಊಟ ಹಾಕ್ತಾರಲ್ಲ, ಅಲ್ಲಿ ಉಂಡು, ಬಂದವರ ಚಪ್ಪಲಿ ಒರೆಸಿ, ರೊಟ್ಟಿ ತಟ್ಟುತ್ತಾ ದೇವರ ಹೆಸರು ಹೇಳಿಕೊಂಡು ಬೆಳೆದಳಂತೆ.

ಆಮೇಲೆ ನಿಹಾಲ ಹಾಸಿಗೆ ಹಿಡಿದ. ಗಂಜಿ ಕುಡಿಸೋಕೆ ಇದ್ದವಳು ಅವಳೊಬ್ಬಳೇ. ಅಪ್ಪಾ, ವಾಹೆಗುರು ಅನ್ನಪ್ಪಾ ಅಂದಳಂತೆ. ಅವನು ಚಮಚ ಹಿಡಿದ ಆ ಸಣಕಲು ಕೈ ನೋಡಿದ, ಮುಖ ನೋಡಿದ, ಹುಟ್ಟಿದಾಗಿನಿಂದ ನೋಡದವನು. ಚಮಚ ಪಕ್ಕಕ್ಕೆ ಸರಿಸಿದನಂತೆ.

“ಮಗಳೇ, ನೀನು ಉಂಡೆಯಾ?”

ಬದುಕೆಲ್ಲಾ ಕೇಳದ ಮಾತು ಕೇಳಿದ, ಅದರ ಮೇಲೇ ಪ್ರಾಣ ಹೋಯ್ತಂತೆ. ಮಾರನೇ ವರ್ಷ ಅವಳ ಕೊಟ್ಟಿಗೆಯಲ್ಲಿ ಎಮ್ಮೆ ಗಂಡು ಕರು ಹಾಕಿತು, ಅದು ಅವನೇ. ಹಾಲಿಲ್ಲ, ಪ್ರಯೋಜನ ಇಲ್ಲ, ಮಾರಿಬಿಡು ಅಂತ ಊರವರು ಅಂದರೂ ಅವಳು ಕೇಳಲಿಲ್ಲವಂತೆ. ದಿನಾ ತಾನು ತುತ್ತೆತ್ತೋ ಮುಂಚೆ ಅದಕ್ಕೆ ಹುಲ್ಲು ಹಾಕಿ, ಕತ್ತು ಸವರಿ, ಉಂಡೆಯಾ ಅಂತ ಕೇಳೋಳಂತೆ. ಅದು ಸುಮ್ಮನೆ ಅವಳ ಮುಖ ನೋಡೋದಂತೆ. ನೀನು ಉಂಡೆಯಾ ಅಂತ ತಿರುಗಿ ಕೇಳೋಣ ಅಂದರೆ ಈಗ ಮಾತಾಡೋ ಬಾಯಿಲ್ಲ.

ಅವಳೋ, ಎಲ್ಲರಿಗೂ ಉಣಿಸೋನು ಒಬ್ಬ ಇದ್ದಾನೆ ಅಂತ ಗುರುದ್ವಾರದ ಆ ಸಾಲಲ್ಲಿ ಕೂತೇ ಕಲಿತವಳು. ಸುಖವಾಗಿ ಬಾಳಿ, ಹೋಗುವಾಗ ಯಾರನ್ನೂ ಏನೂ ಕೇಳದೆ ವಾಹೆಗುರು ಅಂದು, ಬಿಂದಿಗೆ ನೀರು ಹೊಳೆಗೆ ಸುರಿದ ಹಾಗೆ ಸೇರಿಹೋದಳಂತೆ.

ಹಾಗಾದರೆ ಉಂಡೆಯಾ ಅಂತ ಕೇಳೋದೇ ತಪ್ಪಾ ಅಂತ ನಾನೂ ಸುರ್ಜೀತಳ ಮೇಲೆ ರೇಗಿದೆ. ತಪ್ಪಲ್ಲ ಅಕ್ಕಾ, ಬದುಕಿರುವಾಗಲೇ ಕೇಳಿ ಮುಗಿಸಬೇಕು ಅಂದಳು. ಅದಕ್ಕೇ ಈಗಲೇ ಕೇಳ್ತಿದ್ದೀನಿ ಪುಟ್ಟಾ, ಹೊಟ್ಟೆ ತುಂಬಿದೆಯಾ? ಬಾಯಿಬಿಟ್ಟು ಹೇಳು. ಹಾಂ. ಕತೆ ಮುಗೀತು, ನಿನಗೂ ನನಗೂ ಬಿಡುಗಡೆ, ಮಲಕ್ಕೋ.