ದೊಡ್ಡಮನೆಯ ಆಳು

"ಗುರುಗಳೇ, ಜಾವಾಸ್ಕ್ರಿಪ್ಟಿನಲ್ಲಿ ಒಂದು ಫಂಕ್ಷನ್ನನ್ನು ಕರೆದದ್ದು ಯಾವ ಫಂಕ್ಷನ್ ಎಂದು ಕಂಡುಹಿಡಿಯುವುದು ಹೇಗೆ?"

ಕೇಳಿದವನು ಶಿಷ್ಯ ವಿರೂಪಾಕ್ಷ. ಮಠದ ವಿದ್ಯಾರ್ಥಿನಿಲಯಕ್ಕೆ ಸೇರುವ ಮಕ್ಕಳ ಹೆಸರು ದಾಖಲಿಸುವ ಪ್ರೋಗ್ರಾಮನ್ನು ಅವನೇ ಬರೆದಿದ್ದ. ಅದರಲ್ಲಿ ಹೆಸರು ಅಳಿಸುವ ಫಂಕ್ಷನ್, ಅಂದರೆ ಕರೆದಾಗ ಆ ಒಂದು ಕೆಲಸ ಮಾಡುವ ಆಜ್ಞೆಗಳ ಕಟ್ಟು, ಒಂದಿತ್ತು. ಬೇರೆ ಯಾವುದೋ ಫಂಕ್ಷನ್ ಅದನ್ನು ಹೊತ್ತಲ್ಲದ ಹೊತ್ತಿನಲ್ಲಿ ಕರೆದು ಮಕ್ಕಳ ಹೆಸರೆಲ್ಲ ಅಳಿಸಿ ಹಾಕುತ್ತಿತ್ತು. ಮರುದಿನವೇ ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ಬರುವವರಿದ್ದರು. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಕರೆದವರನ್ನು ತೋರಿಸು ಎಂದರೆ ಈ ಕಂಪ್ಯೂಟರ್ 'ಹೆಸರಿಲ್ಲ, ಹೆಸರಿಲ್ಲ' ಎಂದು ಬೊಗಳುತ್ತದೆ. ಆ ಅಳಿಸುವ ಫಂಕ್ಷನ್ನನ್ನೇ ಕಿತ್ತು ಬಿಸಾಡುತ್ತೇನೆ!"

ಗುರುಗಳು ಕತೆ ಹೇಳಿದರು.

ಒಬ್ಬ ಜಮೀನುದಾರನಿದ್ದ. ಅವನ ಗದ್ದೆಗೆ ಕೆರೆಯ ನೀರು. ತೂಬು ಎತ್ತಿ ನೀರು ಬಿಡುವವನು ನೀರುಗಂಟಿ. ನೀರು ಬೇಕಾದವನು ಬದುವಿನ ಮೇಲೆ ನಿಂತು ತನ್ನ ಹೆಸರು ಹೇಳಿ ಕೂಗಬೇಕು, ನೀರುಗಂಟಿ ತೂಬು ಎತ್ತಬೇಕು. ಇದು ಆ ಊರಿನ ಕಟ್ಟಳೆ. ಏಕೆ ಎಂದು ಕೇಳುವುದು ನೀರುಗಂಟಿಯ ಕೆಲಸವಲ್ಲ.

ಜಮೀನುದಾರ ತನ್ನ ಆಳುಗಳನ್ನು ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ. ಅವನ ಎತ್ತುಗಳಿಗೆ ಹೆಸರಿತ್ತು, ಆಳುಗಳೆಲ್ಲ 'ಏಯ್'. ಅವರು ನೀರಿಗೆ ಕೂಗುವಾಗಲೂ 'ದೊಡ್ಡಮನೆ ಆಳು' ಎಂದಷ್ಟೇ ಕೂಗಬೇಕೆಂದು ಅಪ್ಪಣೆ ಮಾಡಿದ್ದ.

ಒಂದು ವರ್ಷ ಕೊಯ್ದ ಭತ್ತವನ್ನು ಗದ್ದೆಯಲ್ಲೇ ಒಣಗಲು ಹಾಸಿದ್ದಾಗ ನೀರು ನುಗ್ಗಿತು. ವರ್ಷದ ಅನ್ನ ಕೊಳೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಜಮೀನುದಾರ ನೀರುಗಂಟಿಯ ಕೆನ್ನೆಗೆ ಬಾರಿಸಿ ಊರು ಬಿಡಿಸಿದ, ಹೊಸಬನನ್ನು ತಂದ. ಮರುವರ್ಷವೂ ಕೊಯ್ದ ಭತ್ತಕ್ಕೆ ನೀರು ನುಗ್ಗಿತು. ನೀರಿಗೆ ಕೂಗಿದವರು ಬೇಕೆಂದೇ ಕೂಗಿದರೋ ತಿಳಿಯದೆ ಕೂಗಿದರೋ ಯಾರು ಬಲ್ಲರು!

ಜಮೀನುದಾರ ದೊಣ್ಣೆ ಹಿಡಿದು ಕೆರೆ ಏರಿಗೆ ಓಡಿದ. "ಯಾವನ್ಲಾ ಕೂಗಿದ್ದು? ಅವನ ಚರ್ಮ ಸುಲೀತೀನಿ!"

"ನಿಮ್ಮ ಆಳೇ ಬುದ್ಧಿ," ಎಂದ ಹೊಸ ನೀರುಗಂಟಿ.

"ಯಾವ ಆಳು? ಹೆಸರು ಹೇಳೋ!"

"ಪಕ್ಕದ ಗದ್ದೆಯೋರಾಗಿದ್ರೆ ಹೇಳ್ತಿದ್ದೆ. ನಿಮ್ಮೋರು 'ದೊಡ್ಡಮನೆ ಆಳು' ಅಂತ ಮಾತ್ರ ಕೂಗೋದು. ಅಪ್ಪಣೆ ನಿಮ್ಮದೇ ಅಲ್ವಾ ಬುದ್ಧಿ?"

ಜಮೀನುದಾರ ಹಲ್ಲು ಕಡಿಯುತ್ತ ಗದ್ದೆಗೆ ಬಂದ. ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ. ಕೂಗಿದವನನ್ನು ಮುಂದೆ ಕರೆಯಲು ಬಾಯಿ ತೆರೆದ. ಹೊರಟದ್ದು 'ಏಯ್' ಒಂದೇ. ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ತಲೆಯೆತ್ತಿದರು.

ಕತೆ ಮುಗಿದರೂ ವಿರೂಪಾಕ್ಷನ ಸಿಟ್ಟು ಇಳಿದಿರಲಿಲ್ಲ. "ಜಮೀನುದಾರನ ಮಾತು ಹಾಗಿರಲಿ ಗುರುಗಳೇ. ಮಕ್ಕಳು ನಾಳೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ಯಾರನ್ನು ಬೈಯಲಿ?"

ಗುರುಗಳು ಅವನ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಎಲ್ಲ ಅವಸರದ ಬರವಣಿಗೆ. ಕರೆಯುವ ಫಂಕ್ಷನ್‌ಗಳಲ್ಲಿ ಒಂದಕ್ಕೂ ಅವನು ಹೆಸರಿಟ್ಟಿರಲಿಲ್ಲ. ಈಗ ಸಿಟ್ಟು ಬಂದದ್ದು ಗುರುಗಳಿಗೆ.

"ಬೈಯುವುದಕ್ಕಾದರೂ ಒಂದು ಹೆಸರು ಬೇಕಲ್ಲಯ್ಯಾ, ಅದನ್ನು ಇಡುವ ಹೊತ್ತಿನಲ್ಲಿ ನೀನೆಲ್ಲಿ ಹಾಳಾಗಿ ಹೋಗಿದ್ದೆ?"